ಚಿತ್ರ ಬರೆಯುವವರಿಗೆ ಹೂವು, ಹಕ್ಕಿಗಳ ಸಂತಾನದ ಪಾಠ ಯಾಕೆ ಬೇಕು?

ನಿಮ್ಮ ಪ್ರಶ್ನೆ ಇದು: ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೀರಿ, ಹೂವು ಹಕ್ಕಿ ಜಾಸ್ತಿ ಬರೆಯುತ್ತೀರಿ. ಜೀವಶಾಸ್ತ್ರದವರ ಹತ್ತಿರ ಹೋಗಿ ಸಂತಾನೋತ್ಪತ್ತಿಯ ಪಾಠ ಹೇಳಿಸಿಕೋ ಅಂತ ಯಾರೋ ಸಲಹೆ ಕೊಟ್ಟಿದ್ದಾರೆ. ಲಾಭ ಇದೆಯಾ? ಕೇಳೋಕೂ ಮುಜುಗರ.

ಲಾಭ ಇದೆ. ನಾನೂ ಮೈಸೂರಿನವನೇ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಈ ಪಾಠದಿಂದ ನನಗೆ ಸಿಕ್ಕಿದ್ದು ಮುಖ್ಯವಾಗಿ ಒಂದು: ಚಿತ್ರದೊಳಗೆ ಈಗ ಯಾವ ಹೊತ್ತು ಅನ್ನುವುದು ಗೊತ್ತಾಗುತ್ತದೆ. ನಾವು ಆಸೆಪಟ್ಟು ಬಳಿಯುವ ಬಣ್ಣ, ಉದ್ದ ಗರಿ, ಬಿರಿದ ಎಸಳು ಯಾವುದೂ ವರ್ಷಪೂರ್ತಿ ಇರುವುದಿಲ್ಲ. ಜೋಡಿ ಹುಡುಕುವ ಕಾಲ, ಪರಾಗ ಉದುರುವ ಹೊತ್ತು, ಅಷ್ಟೇ.

ಗೀಜಗನನ್ನೇ ತಗೊಳ್ಳಿ. ಮಂಡ್ಯ ಕಡೆ ಗದ್ದೆ ಬಯಲಲ್ಲಿ ಈಚಲು ಮರಕ್ಕೋ, ಬಾವಿ ಮೇಲೆ ಬಾಗಿದ ಜಾಲಿ ಕೊಂಬೆಗೋ ಗೂಡು ನೇತಾಡುತ್ತಿರುತ್ತದೆ. ಚಿತ್ರಗಳಲ್ಲಿ ಮಾತ್ರ ಎರಡು ಹಳದಿ ಹಕ್ಕಿ, ಪೂರ್ತಿ ಮುಗಿದ ಗೂಡು, ಇಣುಕುವ ಮರಿ. ಅಪ್ಪ, ಅಮ್ಮ, ಸುಖ ಸಂಸಾರ. ಪ್ರಾಣಿಶಾಸ್ತ್ರದವರ ಮುಂದೆ ಈ ಸಂಸಾರ ನಿಲ್ಲುವುದಿಲ್ಲ. ಹಳದಿ ತಲೆ ಗಂಡಿಗೆ ಮಾತ್ರ, ಅದೂ ಮರಿ ಮಾಡುವ ಕಾಲದಲ್ಲಿ. ಉಳಿದ ತಿಂಗಳು ಅವನದೂ ಹೆಣ್ಣಿನ ಹಾಗೆ ಮಾಸಲು ಬಣ್ಣ. ಗೂಡು ನೇಯುವವನು ಅವನೇ. ಅರ್ಧ ನೇಯ್ದು, ಗೂಡು ಕೆಳಗೆ ಬಾಯಿ ತೆರೆದ ಹೆಲ್ಮೆಟ್ಟಿನ ಆಕಾರಕ್ಕೆ ಬಂದಾಗ ಅದಕ್ಕೆ ನೇತುಬಿದ್ದು ರೆಕ್ಕೆ ಬಡಿಯುತ್ತಾನೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದೆಯಲ್ಲ, ಅದು ಉಲ್ಟಾ ಆದ ಹಾಗೆ. ಒಪ್ಪಿದರೆ ಮೊಟ್ಟೆ ಇಡುವ ಕೋಣೆ, ಉದ್ದ ಕೊಳವೆ ಎಲ್ಲ ಮುಗಿಯುತ್ತದೆ. ಒಪ್ಪದ ಗೂಡು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ. ಒಂದು ಗೂಡು ಮುಗಿದ ಮೇಲೆ ಅವನು ಇನ್ನೊಂದು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುವುದೂ ಉಂಟು. ಕಾವು ಕೂರುವವಳು ಹೆಣ್ಣು ಮಾತ್ರ.

ಈಗ ಹೇಳಿ, ಯಾವುದು ಚೆನ್ನಾದ ಚಿತ್ರ? ಅರ್ಧ ಗೂಡು, ಒಳಗೆ ಪರೀಕ್ಷಕಿ, ಹೊರಗೆ ಒದ್ದಾಡುತ್ತಿರುವ ಅಭ್ಯರ್ಥಿ. ನನಗಂತೂ ಸುಖ ಸಂಸಾರಕ್ಕಿಂತ ಇದೇ ಇಷ್ಟ.

ಹೊತ್ತಿನ ಜೊತೆ ಅಳತೆಯೂ ಸಿಗುತ್ತದೆ. ನಾಗಲಿಂಗ ಹೂವು ನೋಡಿ. ದಕ್ಷಿಣ ಅಮೆರಿಕದ ಮರ, ನಮ್ಮ ದೇವಸ್ಥಾನಗಳಿಗೆ ಬಂದು ಶಿವನ ಹೂವಾಗಿಬಿಟ್ಟಿದೆ. ಮೇಲೆ ಹೆಡೆ, ಕೆಳಗೆ ಲಿಂಗ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಭೂತಗನ್ನಡಿ ಹಿಡಿದರೆ ಅಲ್ಲಿ ಎರಡು ಬಗೆಯ ಕೇಸರ, ಅಂದರೆ ಪರಾಗ ಕೊಡುವ ಗಂಡು ಎಳೆಗಳು, ಕಾಣುತ್ತವೆ. ನಡುವೆ ಉಂಗುರವಾಗಿ ಕೂತ ಗಿಡ್ಡ ಕೇಸರಗಳ ಪರಾಗದಿಂದ ಬೀಜ ಕಟ್ಟುತ್ತದೆ. ಹೆಡೆಯ ಪರಾಗ ದುಂಬಿಗಳಿಗೆ ಊಟ ಅಷ್ಟೇ. ಮಕರಂದ ಇಲ್ಲದ ಹೂವು, ಬಂದವರಿಗೆ ಏನಾದರೂ ಕೊಡಬೇಕಲ್ಲ! ಮರ ಕೊರೆಯುವ ಕರಿ ದುಂಬಿ ಊಟಕ್ಕೆ ಸಂದಿಯೊಳಗೆ ನುಗ್ಗುತ್ತದೆ. ಅದು ಹೆಡೆಯಲ್ಲಿ ಮೇಯುತ್ತಿರುವಾಗ ಉಂಗುರದ ಪರಾಗ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಇಷ್ಟು ತಿಳಿದರೆ ಹೆಡೆಗೂ ಉಂಗುರಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಯಾರನ್ನೂ ಕೇಳಬೇಕಿಲ್ಲ. ಒಂದು ದುಂಬಿ ಹಿಡಿಸುವಷ್ಟು.

ತಾವರೆಯದು ಇನ್ನೊಂದು ಕಥೆ. ಮೊದಲ ದಿನ ಅರೆಬರೆ ತೆರೆಯುತ್ತದೆ. ನಡುವಿನ ಹಳದಿ ಪೀಠದ ಮೇಲಿನ ಶಲಾಕಾಗ್ರಗಳು, ಅಂದರೆ ಹೆಣ್ಣು ಭಾಗದ ತುದಿಗಳು, ಒದ್ದೆಯಾಗಿ ಪರಾಗಕ್ಕೆ ಕಾಯುತ್ತಿರುತ್ತವೆ, ಸ್ವಂತ ಕೇಸರಗಳು ಇನ್ನೂ ಪೀಠಕ್ಕೆ ಒತ್ತಿಕೊಂಡಿರುತ್ತವೆ. ರಾತ್ರಿ ಮುಚ್ಚಿ, ಮರುದಿನ ಅಗಲವಾಗಿ ಅರಳಿದಾಗ ಕೇಸರ ಹರಡಿ ಪರಾಗ ಉದುರುತ್ತದೆ. ಮೊದಲು ಹೆಣ್ಣು, ಆಮೇಲೆ ಗಂಡು. ಎಸಳು ಬಿದ್ದ ಮೇಲೆ ಪೀಠ ಹಸಿರಾಗುತ್ತದೆ. ಈ ಹೂವು ತನ್ನೊಳಗೆ ಬಿಸಿಯನ್ನೂ ಹುಟ್ಟಿಸಿಕೊಳ್ಳುತ್ತದೆ, ಹೊರಗೆ 10 ಡಿಗ್ರಿ ಇದ್ದರೂ ಒಳಗೆ 30ರ ಮೇಲೆ. ಅದನ್ನು ಬಣ್ಣದಲ್ಲಿ ಹೇಗೆ ತರುತ್ತೀರೋ ನಿಮಗೆ ಬಿಟ್ಟಿದ್ದು. ಮೈಸೂರು ಶೈಲಿಯಲ್ಲಿ ಲಕ್ಷ್ಮಿ ಬರೆಯುವವರು ಮಾತ್ರ ಈ ಲೆಕ್ಕಕ್ಕೆ ಹೋಗಬೇಡಿ. ಆ ತಾವರೆಗೆ ಅದರದೇ ಶಾಸ್ತ್ರ ಇದೆ.

ನವಿಲಿನ ಗರಿ ಮಳೆಗಾಲದ ಕೊನೆಗೆ ಉದುರುತ್ತದೆ, ಮರಿ ನೋಡಿಕೊಳ್ಳುವುದು ಹೆಣ್ಣು. ಉದ್ದ ಬಾಲದ ಜಕಾನಾ ಹಕ್ಕಿಯಲ್ಲಿ ಕಾವು ಕೂರುವುದು ಗಂಡು, ಹೆಣ್ಣು ಬೇರೆ ಗಂಡಿನ ಹತ್ತಿರ ಹೋಗುತ್ತದೆ.

ಇದೇನು ಹೊಸ ಹುಚ್ಚಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಮುಖ್ಯವಾಗಿ ಕೇಸರಗಳನ್ನು ನೋಡಿ ಗಿಡಗಳನ್ನು 24 ವರ್ಗ ಮಾಡಿದ. 1736ರಲ್ಲಿ ಅದನ್ನು ಚಿತ್ರವಾಗಿ ಬರೆದವನು ಗೇಯೋರ್ಗ್ ಎಹ್ರೆಟ್ ಅನ್ನುವ ಕಲಾವಿದ. ನಮ್ಮ ಬಿ.ಜಿ.ಎಲ್. ಸ್ವಾಮಿಯವರಂತೂ ಎರಡೂ ತಾವೇ. ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಪಂಡಿತರು, ಗೆರೆ ಎಳೆಯುವ ಕೈಯೂ ಇತ್ತು.

ಇನ್ನು ಮುಜುಗರ. 'ಸಂತಾನೋತ್ಪತ್ತಿ ಬಗ್ಗೆ ಹೇಳಿ ಸರ್' ಅಂದರೆ ಅವರು ಪಠ್ಯಪುಸ್ತಕ ಶುರು ಮಾಡುತ್ತಾರೆ, ನೀವು ಆಕಳಿಸುತ್ತೀರಿ. ಸುಮ್ನೆ ನಿಮ್ಮ ಚಿತ್ರ ಮುಂದಿಟ್ಟು 'ಮೇಡಂ, ಇದು ಯಾವ ತಿಂಗಳು?' ಅಂತ ಕೇಳಿ. ಬಾಯಿಮಾತು ಸಾಲದು, ಬ್ಲೇಡಿನಲ್ಲಿ ಹೂವು ಸೀಳಿ ತೋರಿಸಿ ಅನ್ನಿ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡೂ ವಿಭಾಗ ಇವೆ, ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಕಾರಂಜಿ ಕೆರೆ ಹತ್ತಿರದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವನ್ನೂ ಒಮ್ಮೆ ನೋಡಿ.

ಪ್ರೊಫೆಸರರಿಗಿಂತ ಪಿಎಚ್‌ಡಿ ಮಾಡುವವರಿಗೆ ಸಮಯ ಜಾಸ್ತಿ, ಉತ್ಸಾಹವೂ ಜಾಸ್ತಿ. ಅವರಿಗೂ ಪ್ರಬಂಧಕ್ಕೆ ಒಳ್ಳೆ ಗೆರೆ ಚಿತ್ರ ಬೇಕಿರುತ್ತದೆ. ಮೊದಲನೆಯದನ್ನು ಪಾಠದ ಬದಲಿಗೆ ಬರೆದುಕೊಡಿ. ಎರಡನೆಯದಕ್ಕೆ ದುಡ್ಡು ಕೇಳಿ, ಅಲ್ಲಿ ಮುಜುಗರ ಬೇಡ.