ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ?

ಪ್ರಶ್ನೆ: ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಲು ಸೇರಿ ಎರಡು ವರ್ಷವಾಯಿತು. ಕ್ಲಾಸಿನಲ್ಲಿ 80 ಮಕ್ಕಳು. ಸಮೀಕರಣ ಸರಿದೂಗಿಸುತ್ತಾರೆ, ಮಾರ್ಕ್ಸೂ ಬರುತ್ತದೆ, ಆದರೆ ‘ಯಾಕೆ’ ಅಂದರೆ ಎಲ್ಲರೂ ನೆಲ ನೋಡುತ್ತಾರೆ. ಹೊಸ ವಿಧಾನ ಅಂತ ವರ್ಕ್‌ಶಾಪಿನಲ್ಲಿ ಹೇಳುವುದೆಲ್ಲ ಸ್ಮಾರ್ಟ್ ಬೋರ್ಡ್ ಇರುವವರಿಗೆ. ನಮ್ಮಲ್ಲಿರುವುದು ಕರಿಹಲಗೆ. ಏನು ಮಾಡಲಿ ಸರ್?
– ಉಪನ್ಯಾಸಕಿ, ಹಾವೇರಿ

ಉತ್ತರ: ಕರಿಹಲಗೆ ಸಾಕು ಮೇಡಂ. ನಾಳೆ ಅದರ ಮೇಲೆ ಒಂದೇ ಪ್ರಶ್ನೆ ಬರೆಯಿರಿ. ನೀರು ಕೊತಕೊತ ಕುದಿಯುವಾಗ ಏಳುವ ದೊಡ್ಡ ಗುಳ್ಳೆಯಲ್ಲಿ ಏನಿದೆ? ಒಂದು, ಗಾಳಿ. ಎರಡು, ನೀರಾವಿ. ಮೂರು, ಹೈಡ್ರೋಜನ್ ಮತ್ತು ಆಕ್ಸಿಜನ್. ನಾಲ್ಕು, ಏನೂ ಇಲ್ಲ. ಎಲ್ಲರೂ ಎದೆಗೆ ಹತ್ತಿರ ಬೆರಳು ಹಿಡಿದು, ಪಕ್ಕದವರಿಗೆ ಕಾಣದ ಹಾಗೆ ಉತ್ತರ ತೋರಿಸಲಿ. ನಾನು ಕೇಳಿದಾಗಲೆಲ್ಲ ಮೂರು ಬೆರಳು ತೋರಿಸಿದವರು ಬೇಕಾದಷ್ಟು ಜನ ಸಿಕ್ಕಿದ್ದಾರೆ, ಎಂಎಸ್ಸಿ ಕ್ಲಾಸಿನಲ್ಲೂ!

ಈಗ ಕಷ್ಟದ ಕೆಲಸ: ನೀವು ಉತ್ತರ ಹೇಳಬಾರದು. ಮೇಷ್ಟ್ರ ಬಾಯಿ ಸುಮ್ನಿರೋದಿಲ್ಲ, ನನಗೂ ಗೊತ್ತು. ಬೇರೆ ಬೆರಳು ತೋರಿಸಿದವರ ಜೊತೆ ಮೂರು ನಿಮಿಷ ಜಗಳ ಆಡಲು ಬಿಡಿ. ಎಲ್ಲೋ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ, ‘ಲೇ, ಹೈಡ್ರೋಜನ್ ಬರ್ತಿದ್ರೆ ಅನ್ನಕ್ಕೆ ಎಸರಿಟ್ಟಾಗಲೆಲ್ಲ ಅಡುಗೆಮನೆ ಢಂ ಅನ್ನಬೇಕಿತ್ತಲ್ವಾ?’ ಆಮೇಲೆ ಇನ್ನೊಂದು ಸಲ ಬೆರಳು ಎತ್ತಿಸಿ, ಎಷ್ಟು ಜನ ಎರಡಕ್ಕೆ ಬಂದರು ನೋಡಿ.

ಇದಕ್ಕೆ ಪೀರ್ ಇನ್‌ಸ್ಟ್ರಕ್ಷನ್ ಅನ್ನುತ್ತಾರೆ, ಅಂದರೆ ಸಹಪಾಠಿಗಳೇ ಒಬ್ಬರಿಗೊಬ್ಬರು ಕಲಿಸುವುದು. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಲ್ಲಿ ಫಿಸಿಕ್ಸ್ ಕ್ಲಾಸಿನಲ್ಲಿ ಶುರು ಮಾಡಿದ್ದು. ಮೊದಲ ಸಲವೇ ನೂರಕ್ಕೆ 70ಕ್ಕಿಂತ ಜಾಸ್ತಿ ಜನ ಸರಿ ಹೇಳಿದರೆ ಮುಂದೆ ಹೋಗಿ. 30ಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೆ ಮಾಡಿ. ನಡುವೆ ಇದ್ದರೆ ಜಗಳಕ್ಕೆ ಬಿಡಿ.

ನಿಮ್ಮ ಮಕ್ಕಳು ನೆಲ ನೋಡುವುದಕ್ಕೆ ಕಾರಣವನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಮೇಷ್ಟ್ರು ಅಲೆಕ್ಸ್ ಜಾನ್‌ಸ್ಟನ್ ಚೆನ್ನಾಗಿ ಹಿಡಿದಿದ್ದರು. ಕೆಮಿಸ್ಟ್ರಿಯಲ್ಲಿ ಮೂರು ಮೂಲೆ: ಕಣ್ಣಿಗೆ ಕಾಣುವುದು, ಕಾಣದ ಅಣುಗಳು, ಹಲಗೆಯ ಮೇಲಿನ ಚಿಹ್ನೆ. ನಾವು ಪಾತ್ರೆಯಿಂದ ಸೀದಾ ಚಿಹ್ನೆಗೆ ಹಾರುತ್ತೇವೆ, ಅಣು ದಾರಿಯಲ್ಲೇ ಬಿದ್ದುಹೋಗುತ್ತದೆ. ಅನುಮಾನವಿದ್ದರೆ ನೀರಿನಲ್ಲಿ ಕರಗಿದ ಮೆಗ್ನೀಸಿಯಂ ಕ್ಲೋರೈಡಿನ ಚಿತ್ರ ಬರೆಸಿ. ಸೂತ್ರದಲ್ಲಿ ಕ್ಲೋರಿನ್ ಪಕ್ಕ ಪುಟ್ಟ ಎರಡು ಇದೆಯಲ್ಲ, ಅದಕ್ಕೇ ಎರಡು ಕ್ಲೋರಿನ್ ಒಂದಕ್ಕೊಂದು ಅಂಟಿಸಿ ಬರೆದವರು ಎಷ್ಟು ಜನ ಅಂತ ಎಣಿಸಿ. ನಿಜಕ್ಕೂ ನೀರಿನಲ್ಲಿ ಅವು ಬಿಡಿಬಿಡಿಯಾಗಿ ಇರುತ್ತವೆ.

ಪ್ರಶ್ನೆ: ನಮ್ಮ ಸರ್ ಪಾಠವನ್ನೇ ಮಾಡುವುದಿಲ್ಲ. ನಾಲ್ಕು ನಾಲ್ಕು ಜನರನ್ನು ಕೂರಿಸಿ, ಒಂದು ಹಾಳೆ ಕೊಟ್ಟು ‘ನೀವೇ ಕಂಡುಹಿಡಿಯಿರಿ’ ಅನ್ನುತ್ತಾರೆ. ನಾವೇ ಕಲಿಯುವುದಾದರೆ ಫೀಸು ಯಾಕೆ?
– ಬಿಎಸ್ಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಆ ಹಾಳೆಯಲ್ಲಿ ಏನಿದೆ, ಅದನ್ನು ಮೊದಲು ನೋಡಪ್ಪ. ಒಂದು ಒಳ್ಳೆ ಹಾಳೆ ಹೀಗಿರುತ್ತದೆ: ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ, ಮೋಲ್‌ಗೆ ಕಿಲೋಜೂಲ್ ಲೆಕ್ಕದಲ್ಲಿ, ಹೈಡ್ರೋಜನ್‌ಗೆ 1312, ಹೀಲಿಯಂಗೆ 2372, ಲಿಥಿಯಂಗೆ 520. ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ಜಾಸ್ತಿಯಾಗಿದೆ, ಎಳೆತ ಜಾಸ್ತಿಯಾಗಬೇಕಿತ್ತು, ಮತ್ತೆ ಲಿಥಿಯಂ ಯಾಕೆ ಧೊಪ್ಪಂತ ಬಿತ್ತು? ಆ ಮೂರನೇ ಎಲೆಕ್ಟ್ರಾನ್ ದೂರ ಕೂತಿರಬೇಕು ಅಂತ ನಾಲ್ಕು ಜನ ತಲೆ ಕೆರೆದುಕೊಂಡು ಹೇಳಿದರೆ, ಶೆಲ್, ಅಂದರೆ ಎಲೆಕ್ಟ್ರಾನ್‌ಗಳು ಕೂರುವ ಪದರ, ಅನ್ನುವುದನ್ನು ನೀವೇ ಕಂಡುಹಿಡಿದ ಹಾಗೆ. ಇದಕ್ಕೆ ಪೋಗಿಲ್ (ಪ್ರೋಸೆಸ್ ಓರಿಯೆಂಟೆಡ್ ಗೈಡೆಡ್ ಇನ್‌ಕ್ವೈರಿ ಲರ್ನಿಂಗ್) ಅಂತ ಹೆಸರು, ಮೇಷ್ಟ್ರು ದಾರಿ ತೋರಿಸುತ್ತಾರೆ, ಮಕ್ಕಳು ಹುಡುಕಿ ಕಲಿಯುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಕೆಮಿಸ್ಟ್ರಿ ಕ್ಲಾಸುಗಳಲ್ಲೇ ಹುಟ್ಟಿದ್ದು.

ಏನೂ ಕಲಿಯುತ್ತಿಲ್ಲ ಅನ್ನಿಸುವುದು ನಿನಗೊಬ್ಬನಿಗೇ ಅಲ್ಲ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹೀಗೆ ಒದ್ದಾಡಿ ಕಲಿತವರು ಕಮ್ಮಿ ಕಲಿತೆವು ಅಂದುಕೊಂಡರು, ಟೆಸ್ಟಿನಲ್ಲಿ ಮಾತ್ರ ಅವರಿಗೇ ಜಾಸ್ತಿ ಅಂಕ ಬಂತು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ನೋಡಿದಾಗಲೂ ಬರೀ ಭಾಷಣದ ಕ್ಲಾಸಿನಲ್ಲಿ ಫೇಲಾದವರು ಸುಮಾರು ಶೇ. 34, ಇಂಥ ಕ್ಲಾಸಿನಲ್ಲಿ ಶೇ. 22.

ಆದರೆ ಹಾಳೆ ಕೊಟ್ಟು ನಿಮ್ಮ ಸರ್ ಮೊಬೈಲ್ ನೋಡುತ್ತಾ ಕೂರುತ್ತಾರೆ ಅಂದರೆ ನಿನ್ನ ಸಿಟ್ಟು ಸರಿ. ಈ ವಿಧಾನದಲ್ಲಿ ಮೇಷ್ಟ್ರಿಗೆ ಕೂರಲು ಪುರುಸೊತ್ತೇ ಇರುವುದಿಲ್ಲ.

ಪ್ರಶ್ನೆ: ಲ್ಯಾಬಿನಲ್ಲಿ ಎಲ್ಲರ ಟೈಟ್ರೇಷನ್ ರೀಡಿಂಗೂ 10.2, 10.2, 10.2. ಒಬ್ಬರು ಮಾಡುತ್ತಾರೆ, ಉಳಿದವರು ಕಾಪಿ. ಇದಕ್ಕೇನಾದರೂ ಹೊಸ ವಿಧಾನ ಇದೆಯೇ?
– ಓದುಗರು, ದಾವಣಗೆರೆ

ಉತ್ತರ: ಇದೆ, ಖರ್ಚೂ ಇಲ್ಲ. ಟೈಟ್ರೇಷನ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬಣ್ಣ ಬದಲಾಗುವ ತನಕ ಹನಿಹನಿಯಾಗಿ ಹಾಕಿ ಸಾಂದ್ರತೆ ಅಳೆಯುವುದು. ಒಂದೊಂದು ಬೆಂಚಿಗೆ ಒಂದೊಂದು ಸಾಂದ್ರತೆಯ ದ್ರಾವಣ ಕೊಟ್ಟರೆ ಕಾಪಿ ಮಾಡಿದ ರೀಡಿಂಗ್ ಯಾವ ಕೆಲಸಕ್ಕೂ ಬರುವುದಿಲ್ಲ. ಮಕ್ಕಳು ಕಾಪಿ ಮಾಡುವುದು ಸೋಮಾರಿತನಕ್ಕಿಂತ ಜಾಸ್ತಿ ಭಯದಿಂದ, ‘ಸರಿಯಾದ’ ರೀಡಿಂಗಿಗೆ ಮಾತ್ರ ಮಾರ್ಕ್ಸ್ ಕೊಡುವವರು ನಾವೇ ತಾನೇ? ಉದಾಹರಣೆಗೆ, ಪರ್ಮಾಂಗನೇಟ್ ಟೈಟ್ರೇಷನ್ನಿನಲ್ಲಿ ಸಲ್ಫ್ಯೂರಿಕ್ ಆಸಿಡ್ ಕಮ್ಮಿ ಹಾಕಿದರೆ ತಿಳಿ ಗುಲಾಬಿ ಬಣ್ಣದ ಬದಲು ಕಂದು ಗಸಿ ಬರುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಹುಡುಗಿ ಹೆದರಿ ಅದನ್ನು ಸಿಂಕಿಗೆ ಸುರಿಯಲು ಓಡುತ್ತಾಳೆ. ಅವಳನ್ನು ಅಲ್ಲೇ ನಿಲ್ಲಿಸಿ, ಆ ಫ್ಲಾಸ್ಕನ್ನು ಎಲ್ಲರ ಮುಂದೆ ಇಟ್ಟು, ಇದು ಯಾಕೆ ಹೀಗಾಯಿತು ಅಂತ ಕೇಳಿ, ಕಾರಣ ಬರೆದವರಿಗೂ ಮಾರ್ಕ್ಸ್ ಕೊಡಿ.