ಅನ್ನ, ಮುದ್ದೆ ಬಿಡಬೇಡಿ

60 ಕೆಜಿ ತೂಕ, ಮಾಂಸ ತಿನ್ನಲ್ಲ, ಮೊಟ್ಟೆ ಓಕೆ, ಸ್ನಾಯು ಬೆಳೆಸಲು ಅನ್ನ-ಮುದ್ದೆ ಪೂರ್ತಿ ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಜಿಮ್‌ನಲ್ಲಿ ಭಾರ ಎತ್ತಲು ಶಕ್ತಿ ಮುಖ್ಯವಾಗಿ ಅದರಿಂದಲೇ ಬರುತ್ತದೆ. ಒಟ್ಟು ಊಟ ಕಡಿಮೆಯಾದರೆ ದೇಹ ಪ್ರೋಟೀನನ್ನೂ ಶಕ್ತಿಗಾಗಿ ಸುಡುತ್ತದೆ, ತಿಂದದ್ದು ಸುಮ್ನೆ ವ್ಯರ್ಥ ಅಲ್ವಾ?

ಸಾಮಾನ್ಯವಾಗಿ ನಮ್ಮ ಊಟದಲ್ಲಿ ಕಡಿಮೆ ಬೀಳುವುದು ಪ್ರೋಟೀನ್. ದೇಹದ ತೂಕದ ಪ್ರತಿ ಕೆಜಿಗೆ 1.6 ಗ್ರಾಂನಂತೆ ನಿಮಗೆ ದಿನಕ್ಕೆ ಸುಮಾರು 96 ಗ್ರಾಂ ಬೇಕು. ತಿಳಿಸಾರಿನಿಂದ ಅಷ್ಟು ಬರಲ್ಲ. 4 ಮೊಟ್ಟೆಯಲ್ಲಿ 24 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25, ಅರ್ಧ ಲೀಟರ್ ಹಾಲಿನಲ್ಲಿ 16. ಉಳಿದದ್ದು ಮುದ್ದೆ, ಹುರುಳಿ, ಕಡಲೆಕಾಳಿನಿಂದ ಸಿಗುತ್ತದೆ.

ಕೊಬ್ಬಿಗೆ ಅಡುಗೆ ಎಣ್ಣೆ, ಒಂದು ಹಿಡಿ ಶೇಂಗಾ ಸಾಕು. ವಾರಕ್ಕೆ 150ರಿಂದ 250 ಗ್ರಾಂ ತೂಕ ಏರಲಿ. ಏರದಿದ್ದರೆ ಮಧ್ಯಾಹ್ನ ಇನ್ನೊಂದು ಸೌಟು ಅನ್ನ ಜಾಸ್ತಿ ಬಡಿಸಿಕೊಳ್ಳಿ.