ಸುರಿಯುವ ಆಷಾಢ ಗ್ರೀಷ್ಮ ಋತು ಹೇಗಾಯಿತು?

ಪ್ರಶ್ನೆ: ಆಷಾಢ ಏಕಾದಶಿಯ ಬೆಳಗ್ಗೆ ಮನೆಯ ಪೂಜೆಯಲ್ಲಿ ಪುರೋಹಿತರು ‘ಗ್ರೀಷ್ಮ ಋತೌ’ ಎಂದು ಸಂಕಲ್ಪ ಹೇಳಿಸಿದರು. ಮಧ್ಯಾಹ್ನ ವಡಾಲಾದ ವಿಠ್ಠಲ ಮಂದಿರದ ಸಾಲಿನಲ್ಲಿ ಕೊಡೆ ಹಿಡಿದರೂ ತೊಯ್ದು ತೊಪ್ಪೆಯಾದೆವು. ‘ಇದ್ಯಾವ ಬೇಸಿಗೆ? ಮುಂಬೈಯಲ್ಲಿ ಇರೋದೇ ಮೂರು ಕಾಲ, ಆರು ಎಲ್ಲಿಂದ ಬಂತು?’ ಎನ್ನುತ್ತಾಳೆ ಮಗಳು. ಏನು ಹೇಳಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪುರೋಹಿತರು ಪಂಚಾಂಗದಲ್ಲಿ ಇದ್ದದ್ದನ್ನೇ ಹೇಳಿಸಿದ್ದಾರೆ. ಚೈತ್ರ-ವೈಶಾಖ ವಸಂತ, ಜ್ಯೇಷ್ಠ-ಆಷಾಢ ಗ್ರೀಷ್ಮ, ಶ್ರಾವಣ-ಭಾದ್ರಪದ ವರ್ಷ. ಆಮೇಲೆ ಶರತ್, ಹೇಮಂತ, ಶಿಶಿರ. ಮುಂಬೈಗೆ ಮುಂಗಾರು ಕಾಲಿಡುವ ವಾಡಿಕೆಯ ದಿನವೋ ಜೂನ್ 11. ಮಗಳು ಕೇಳಿದ್ದರಲ್ಲಿ ತಪ್ಪಿಲ್ಲ.

ಋತು ಸೂರ್ಯನ ಲೆಕ್ಕ, ನಮ್ಮ ಮಾಸ ಚಂದ್ರನ ಲೆಕ್ಕ. ವೇದಾಂಗ ಜ್ಯೋತಿಷ ಎಂಬ ಪ್ರಾಚೀನ ಗ್ರಂಥದ ಕಾಲದಲ್ಲಿ ಉತ್ತರಾಯಣ ಶುರುವಾಗುತ್ತಿದ್ದುದು ಮಾಘದಲ್ಲಿ, ದಕ್ಷಿಣಾಯನ ಶ್ರಾವಣದಲ್ಲಿ. ಸೂರ್ಯ ದಕ್ಷಿಣಕ್ಕೆ ತಿರುಗುವುದು ಜೂನ್ 21ರ ಸುಮಾರಿಗೆ. ಅಂದಿನ ಶ್ರಾವಣ ಅಲ್ಲಿಂದಲೇ ಮೊದಲಾಗುತ್ತಿತ್ತು ಎಂದಮೇಲೆ ವರ್ಷ ಋತು ಮಳೆಯ ಜೊತೆಗೇ ಇತ್ತು. ಹಿರಿಯರು ಆಕಾಶ ನೋಡಿಯೇ ಬರೆದಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಜಾರಿದ್ದು ಆಮೇಲೆ. ಭೂಮಿಯ ಅಕ್ಷ ನಿಧಾನವಾಗಿ ಓಲುವುದರಿಂದ, ನಕ್ಷತ್ರಗಳನ್ನು ಹಿಡಿದು ಎಣಿಸುವ ನಮ್ಮ ವರ್ಷ ಸುಮಾರು 72 ವರ್ಷಕ್ಕೊಂದು ದಿನದಂತೆ ಋತುವಿನಿಂದ ಹಿಂದೆ ಬೀಳುತ್ತದೆ. ನಿಜವಾದ ಉತ್ತರಾಯಣ ಡಿಸೆಂಬರ್ 22ರ ಹೊತ್ತಿಗೆ ಆಗಿಹೋದರೂ ನಾವು ಎಳ್ಳು-ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಇದರ ಮೇಲೆ ಅಧಿಕಮಾಸ ಬೇರೆ. 2023ರಲ್ಲಿ ಅಧಿಕ ಶ್ರಾವಣ ಬಂದು ನಿಜ ಶ್ರಾವಣ ಆರಂಭವಾದದ್ದು ಆಗಸ್ಟ್ 17ಕ್ಕೆ. ಆ ಹೊತ್ತಿಗೆ ಮುಂಬೈಯ ಮಳೆಗಾಲ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು.

ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನೇ ಸರಿಪಡಿಸಲು ಹೊರಟಿತ್ತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಆಷಾಢ-ಶ್ರಾವಣವೇ ವರ್ಷ ಋತು, ಆಷಾಢ ಶುರುವಾಗುವುದು ಜೂನ್ 22ಕ್ಕೆ. ಅದು ಸರಕಾರಿ ಗೆಜೆಟ್ಟಿನಲ್ಲಿ, ಆಕಾಶವಾಣಿಯಲ್ಲಿ ಉಳಿಯಿತೇ ಹೊರತು ನಮ್ಮ ದೇವರ ಕೋಣೆಗೆ ಬರಲಿಲ್ಲ. ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ರೈತರು ಮಾತ್ರ ಈ ಗೋಜಿಗೆ ಸಿಲುಕಿದವರಲ್ಲ. ಮೃಗಶಿರ, ಆರಿದ್ರ, ಪುನರ್ವಸು ಎಂದು ಸೂರ್ಯನ ನಡೆಯ ಮೇಲೆ ಮಳೆ ಎಣಿಸುತ್ತಾರೆ. ಅಲ್ಲಿ ಅಧಿಕಮಾಸದ ಕಾಟವಿಲ್ಲ. ಮಹಾರಾಷ್ಟ್ರದ ರೈತರೂ ಜೂನ್ 7-8ರ ‘ಮೃಗ’ಕ್ಕೇ ಬಿತ್ತನೆಗೆ ಅಣಿಯಾಗುವುದು.

ಇನ್ನು ಮೂರೇ ಕಾಲ ಎಂಬ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಜನವರಿ-ಫೆಬ್ರವರಿಯಲ್ಲಿ ಮಾಟುಂಗಾದ ಬೀದಿಗಳಲ್ಲಿ ಮಗಳ ಜೊತೆ ಒಂದು ಸುತ್ತು ಹಾಕಿ. ಕಾಡುಬಾದಾಮಿಯ ಅಂಗೈ ಮೀರುವ ಎಲೆಗಳು ತಾಮ್ರದ ಕೆಂಪಿಗೆ ತಿರುಗಿ ಫುಟ್‌ಪಾತಿನ ಮೇಲೆ ಬಿದ್ದಿರುತ್ತವೆ, ಕಾಲಿಟ್ಟರೆ ಚರಚರ ಎನ್ನುತ್ತವೆ. ಅದು ಶಿಶಿರ. ಸ್ವಲ್ಪ ದಿನ ಬಿಟ್ಟು ಹೊಂಗೆ ಚಿಗುರಿದರೆ ವಸಂತ. ಮೇ ತಿಂಗಳಲ್ಲಿ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಟ್ಟಾಗ ಗ್ರೀಷ್ಮ. ಡಿಸೆಂಬರಿನ ಬೆಳಗಿನ ಲೋಕಲ್‌ನಲ್ಲಿ ಜನ ಸ್ವೆಟರ್ ಹಾಕಿಕೊಳ್ಳುವುದೂ ಸುಳ್ಳಲ್ಲ.

ಶರತ್ ಋತುವನ್ನಂತೂ ಇಲ್ಲಿಯವರು ಮೈಯಲ್ಲೇ ಬಲ್ಲರು, ‘ಅಕ್ಟೋಬರ್ ಹೀಟ್’ ಎನ್ನುತ್ತಾರೆ ಅಷ್ಟೆ. ಮಳೆಗಾಲದಲ್ಲಿ ಕೂಡಿಬಿದ್ದ ಪಿತ್ತ ಶರತ್ತಿನ ಬಿಸಿಲಿಗೆ ಕೆರಳುತ್ತದೆ ಎನ್ನುತ್ತದೆ ಆಯುರ್ವೇದ. ಆ ಕಾಲಕ್ಕೆ ಕಹಿ, ಸಿಹಿ, ಒಗರಿನ ಊಟ, ತುಪ್ಪ ಒಳ್ಳೆಯದು, ಮೊಸರು ಮತ್ತು ಬಿರುಬಿಸಿಲು ಬೇಡ. ಅದೇ ಆಯುರ್ವೇದದ ಸುಶ್ರುತ ಸಂಹಿತೆಯಲ್ಲಿ ಆಷಾಢ-ಶ್ರಾವಣಕ್ಕೆ ‘ಪ್ರಾವೃಟ್’ ಎಂಬ ಮೊದಲ ಮಳೆಯ ಋತುವೇ ಉಂಟು. ಮಗಳಿಗೆ ಇದನ್ನು ತಪ್ಪದೆ ಹೇಳಿ. ಆಷಾಢದಲ್ಲಿ ಮಳೆ ಎಂದವರಲ್ಲಿ ಅವಳೇ ಮೊದಲಿಗಳಲ್ಲ.